ಎತ್ತಿಗೆ ಜ್ವರ, ಎಮ್ಮೆಗೆ ಬರೆ: ಸೋಲಾರ್, ಬ್ಯಾಟರಿ, ಹೀಟ್ ಪಂಪ್ ಇರುವ ಮನೆಯಲ್ಲಿ ದೋಷ ಹುಡುಕುವ ಬಗೆ

ಚಾವಣಿಯ ಮೇಲೆ ಪ್ಯಾನೆಲ್, ಗೋಡೆಯ ಮೇಲೆ ಇನ್ವರ್ಟರ್ ಮತ್ತು ಬ್ಯಾಟರಿ, ಹೊರಗೆ ಹೀಟ್ ಪಂಪ್ (ಹೊರಗಿನ ಗಾಳಿಯ ಶಾಖ ಎಳೆದು ನೀರು ಕಾಯಿಸುವ ಯಂತ್ರ). ಇವು ಮೂರೂ ಒಂದೇ ವೈರಿಂಗ್‌ಗೆ ಸೇರಿದ ಮೇಲೆ ಲಕ್ಷಣ ಒಂದು ಕಡೆ ಕಂಡು ರೋಗ ಇನ್ನೊಂದು ಕಡೆ ಇರುವುದು ಮಾಮೂಲು. "ಬ್ಯಾಟರಿ ಹೋಗಿದೆ" ಎಂಬ ದೂರಿನ ಹಿಂದೆ ಮೀಟರ್ ಪಕ್ಕ ತಿರುಗುಮುರುಗಾಗಿ ಕೂತ ಸಿ.ಟಿ. ಕ್ಲಾಂಪ್ (ವೈರಿನಲ್ಲಿ ಹರಿಯುವ ಕರೆಂಟ್ ಅಳೆಯುವ ಬಳೆ) ಸಿಗುತ್ತದೆ. "ಪ್ಯಾನೆಲ್ ಕಳಪೆ" ಎಂಬುದರ ಹಿಂದೆ ಮಧ್ಯಾಹ್ನದ ಗ್ರಿಡ್ ವೋಲ್ಟೇಜ್ ಇರುತ್ತದೆ. "ಹೀಟ್ ಪಂಪ್ ಕರೆಂಟ್ ಕುಡಿಯುತ್ತಿದೆ" ಎಂದಾಗ ಅನೇಕ ಸಲ ಕುಡಿಯುತ್ತಿರುವುದು ಪಂಪ್ ಅಲ್ಲ, ಅದರೊಳಗಿನ ಹೀಟರ್ ಕಾಯಿಲ್. ಅದಕ್ಕೇ ಖರ್ಚಿಲ್ಲದ ಪರೀಕ್ಷೆ ಮೊದಲು, ಸ್ಪ್ಯಾನರ್ ಹಿಡಿಯುವ ಕೆಲಸ ಕೊನೆಗೆ. ಇಲ್ಲಿನ ಅಂಕಿಗಳು 230 ವೋಲ್ಟ್, 50 ಹರ್ಟ್ಸ್ ಜಾಲಕ್ಕೆ ಅನ್ವಯಿಸುತ್ತವೆ.

ಕೈ ಹಾಕುವ ಮುನ್ನ

ಬೆಳಕಿದ್ದಷ್ಟು ಹೊತ್ತೂ ಪ್ಯಾನೆಲ್‌ನಲ್ಲಿ ವೋಲ್ಟೇಜ್ ಇರುತ್ತದೆ. ಮೇನ್ ಸ್ವಿಚ್ ಆರಿಸಿದರೂ ಅದು ಹೋಗುವುದಿಲ್ಲ. ಹತ್ತು ಪ್ಯಾನೆಲ್‌ಗಳನ್ನು ಸಾಲಾಗಿ ಜೋಡಿಸಿದ ಸರಣಿ, ಅಂದರೆ ಸ್ಟ್ರಿಂಗ್ ಎಂದರೆ 400 ವೋಲ್ಟ್‌ಗೂ ಮೇಲಿನ ಡಿಸಿ. ಎಸಿ ಕರೆಂಟ್ ಸೆಕೆಂಡಿಗೆ 100 ಸಲ ಸೊನ್ನೆಗೆ ಇಳಿಯುವುದರಿಂದ ಅದರ ಕಿಡಿ ತಾನಾಗಿ ಆರುತ್ತದೆ. ಡಿಸಿ ಕಿಡಿ ಹಾಗೆ ಆರದೆ ಎಳೆದಷ್ಟೂ ಉದ್ದವಾಗುತ್ತದೆ. ಆದ್ದರಿಂದ ಲೋಡ್ ಇರುವಾಗ ಪ್ಯಾನೆಲ್ ವೈರ್ ಜೋಡಿಸುವ ಎಂಸಿ4 ಕನೆಕ್ಟರ್ ಬಿಚ್ಚಲೇಬಾರದು. ಆರಿಸುವ ಕ್ರಮ ಇಷ್ಟು: ಮೊದಲು ಇನ್ವರ್ಟರ್‌ನ ಎಸಿ ಬ್ರೇಕರ್, ನಂತರ ಡಿಸಿ ಐಸೊಲೇಟರ್, ಕೊನೆಗೆ ಬ್ಯಾಟರಿ ಬ್ರೇಕರ್. ಆಮೇಲೂ ಇನ್ವರ್ಟರ್ ಒಳಗಿನ ಕೆಪಾಸಿಟರ್ ಖಾಲಿಯಾಗಲು ಲೇಬಲ್‌ನಲ್ಲಿ ಬರೆದಷ್ಟು ನಿಮಿಷ ಕಾಯಬೇಕು.

ಆ್ಯಪ್ ನೋಡುವುದು, ಬ್ರೇಕರ್ ಏರಿಸಿ ಇಳಿಸುವುದು, ನೀರಿನ ಜಾಲರಿ ತೊಳೆಯುವುದು, ಮೀಟರ್ ರೀಡಿಂಗ್ ಬರೆದಿಡುವುದು ಮನೆಯವರ ಕೆಲಸ. ಇನ್ವರ್ಟರ್ ಕವರ್, ಡಿಸಿ ವೈರ್, ಬ್ಯಾಟರಿ ಟರ್ಮಿನಲ್, ಹೀಟ್ ಪಂಪ್‌ನ ಗ್ಯಾಸ್ ಪೈಪ್ ಇವು ನಾಲ್ಕೂ ಕಲಿತವರ ಕೆಲಸ. ಬ್ಯಾಟರಿ ಉಬ್ಬಿದ್ದರೆ, ಬುಸ್ಸೆನ್ನುವ ಸದ್ದು ಬಂದರೆ, ತಿನ್ನರ್‌ನಂಥ ಸಿಹಿ ವಾಸನೆ ಹೊಡೆದರೆ ಪರೀಕ್ಷೆ ಗಿರೀಕ್ಷೆ ಬೇಡ. ಎಲ್ಲರನ್ನೂ ಹೊರಗೆ ಕರೆದುಕೊಂಡು ಹೋಗಿ ಅಗ್ನಿಶಾಮಕದವರನ್ನು ಕರೆಯಿರಿ.

ಲಕ್ಷಣ: ಒಳ್ಳೆ ಬಿಸಿಲಿದ್ದರೂ ಉತ್ಪಾದನೆ ಕಡಿಮೆ

ಮೊದಲು ನಿರೀಕ್ಷೆಯನ್ನೇ ತಿದ್ದಿಕೊಳ್ಳಬೇಕಾಗಬಹುದು. ಪ್ಯಾನೆಲ್ ಮೇಲೆ ಬರೆದ ವ್ಯಾಟ್ ಎಂಬುದು ಸೆಲ್ 25 ಡಿಗ್ರಿಯಲ್ಲಿದ್ದು, ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದಾಗಿನ ಲೆಕ್ಕ. ಸುಡುಬಿಸಿಲಿನಲ್ಲಿ ಸೆಲ್ 60 ಡಿಗ್ರಿ ಮುಟ್ಟುತ್ತದೆ. ಪ್ರತಿ ಡಿಗ್ರಿಗೆ ಸುಮಾರು ಶೇ. 0.35ರಂತೆ ಅಲ್ಲೇ ಶೇ. 12 ಹೋಯಿತು. 5 ಕಿಲೋವ್ಯಾಟ್ ಪ್ಯಾನೆಲ್‌ಗಳಿಂದ ನಡುಮಧ್ಯಾಹ್ನ 4 ಕಿಲೋವ್ಯಾಟ್ ಆಸುಪಾಸು ಬರುತ್ತಿದ್ದರೆ ಅದು ದೋಷವಲ್ಲ.

ನಂತರ ಆ್ಯಪ್‌ನಲ್ಲಿ ಮೋಡವಿಲ್ಲದ ಒಂದು ದಿನದ ಗ್ರಾಫ್ ತೆರೆಯಿರಿ. ಏಣಿ ಹತ್ತುವ ಮುನ್ನ ಈ ಗ್ರಾಫ್ ಅರ್ಧ ಉತ್ತರ ಕೊಡುತ್ತದೆ. ಗುಡ್ಡದ ತಲೆ ಕತ್ತರಿಸಿದಂತೆ ಚಪ್ಪಟೆಯಾಗಿದ್ದರೆ ಇನ್ವರ್ಟರ್ ತನ್ನ ಮಿತಿ ಮುಟ್ಟಿದೆ, ಇಲ್ಲವೇ ಗ್ರಿಡ್‌ಗೆ ಕಳುಹಿಸುವ ಕರೆಂಟಿಗೆ (ಎಕ್ಸ್‌ಪೋರ್ಟ್) ಮಿತಿ ಹಾಕಿದ್ದಾರೆ. ದಿನವೂ ಅದೇ ಹೊತ್ತಿಗೆ ಒಂದು ಕಚ್ಚು ಬೀಳುತ್ತಿದ್ದರೆ ನೆರಳು: ಹೊಸದಾಗಿ ಬೆಳೆದ ಕೊಂಬೆಯೋ ನೀರಿನ ಟ್ಯಾಂಕೋ ಇರಬೇಕು. ಗ್ರಾಫ್ ಗರಗಸದ ಹಲ್ಲಿನಂತೆ ಸೊನ್ನೆಗಿಳಿದು ಏರುತ್ತಿದ್ದರೆ ಮುಂದಿನ ಲಕ್ಷಣಕ್ಕೆ ಹೋಗಿ. ಆಕಾರ ಸರಿಯಿದ್ದು ಎತ್ತರ ಮಾತ್ರ ಅರ್ಧವಾಗಿದ್ದರೆ ಒಂದು ಸ್ಟ್ರಿಂಗ್ ಪೂರ್ತಿ ಸತ್ತಿದೆ; ಡಿಸಿ ಫ್ಯೂಸ್ ಅಥವಾ ಕನೆಕ್ಟರ್ ಕಡೆ ಅನುಮಾನ ಇಡಿ.

ಆಕಾರ ಸರಿ, ಎತ್ತರ ಸ್ವಲ್ಪವೇ ಕಡಿಮೆ ಎಂದಾದರೆ ಇನ್ವರ್ಟರ್ ಪರದೆಯಲ್ಲಿ ಪ್ರತಿ ಸ್ಟ್ರಿಂಗ್‌ನ ವೋಲ್ಟ್ ಮತ್ತು ಆಂಪಿಯರ್ ಬೇರೆಬೇರೆಯಾಗಿ ನೋಡಿ. ಒಂದೇ ದಿಕ್ಕಿಗೆ ಮುಖ ಮಾಡಿದ, ಸಮಸಂಖ್ಯೆಯ ಪ್ಯಾನೆಲ್‌ಗಳ ಎರಡು ಸ್ಟ್ರಿಂಗ್ ಇದ್ದರೆ ಹೋಲಿಕೆ ಸುಲಭ. ಆಂಪಿಯರ್ ಇಳಿದಿದೆ, ವೋಲ್ಟ್ ಹಾಗೇ ಇದೆ ಎಂದರೆ ಧೂಳು, ಹಕ್ಕಿ ಹಿಕ್ಕೆ. ಬೆಳಗಿನ ತಂಪಿನಲ್ಲಿ ಬರೀ ನೀರು, ಮೆತ್ತನೆ ಬ್ರಷ್ ಸಾಕು. ಕಾದ ಗಾಜಿನ ಮೇಲೆ ತಣ್ಣೀರು ಸುರಿಯಬೇಡಿ. ವೋಲ್ಟ್ ಇಳಿದಿದೆ, ದಿನವಿಡೀ ಇಳಿದೇ ಇದೆ ಎಂದರೆ ತೊಳೆದು ಪ್ರಯೋಜನವಿಲ್ಲ. ಪ್ರತಿ ಪ್ಯಾನೆಲ್ ಸಾಮಾನ್ಯವಾಗಿ ಮೂರು ಭಾಗ, ಮೂರು ಬೈಪಾಸ್ ಡಯೋಡ್ (ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಹಾಯಿಸುವ ಬಿಡಿಭಾಗ). ಕೆಲಸ ಮಾಡುವಾಗ 34 ವೋಲ್ಟ್ ಕೊಡುವ ಪ್ಯಾನೆಲ್‌ನಲ್ಲಿ ಒಂದು ಡಯೋಡ್ ಶಾರ್ಟ್ ಆದರೆ ಸ್ಟ್ರಿಂಗ್ ವೋಲ್ಟೇಜ್ ಸುಮಾರು 11 ವೋಲ್ಟ್ ಇಳಿಯುತ್ತದೆ. ಜೊತೆಯ ಸ್ಟ್ರಿಂಗ್‌ಗಿಂತ 11, 22, 33 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಡಿಮೆ ಕಂಡರೆ ಡಯೋಡ್ ಎಂದೇ ಹಿಡಿಯಬಹುದು.

ಕನೆಕ್ಟರ್‌ಗಳ ಬಗ್ಗೆ ಒಂದು ಮಾತು. ಬೇರೆ ಬೇರೆ ಕಂಪನಿಯ ಎಂಸಿ4 ಗಂಡು-ಹೆಣ್ಣು ಟಕ್ಕೆಂದು ಕೂತುಕೊಳ್ಳುತ್ತವೆ ಎಂದ ಮಾತ್ರಕ್ಕೆ ಜೋಡಿ ಎನ್ನಲಾಗದು. ಒಳಗಿನ ಲೋಹದ ಅಳತೆ ಕೂದಲೆಳೆಯಷ್ಟು ಬೇರೆಯಾದರೂ ವರ್ಷ ಕಳೆಯುವಷ್ಟರಲ್ಲಿ ಜಾಗ ಕಾಯುತ್ತದೆ. ಮೊದಲು ಕಪ್ಪು ಪ್ಲಾಸ್ಟಿಕ್‌ನ ಹೊಳಪು ಹೋಗಿ ಬೂದು ತಿರುಗುತ್ತದೆ, ಆಮೇಲೆ ಕುತ್ತಿಗೆ ಹತ್ತಿರ ಸೊಟ್ಟಗಾಗುತ್ತದೆ, ಕೊನೆಗೆ ಕಂದು ಗುಳ್ಳೆ ಏಳುತ್ತದೆ. ಸೊಟ್ಟಗಾಗಿದ್ದು ಕಂಡ ದಿನವೇ ಸಿಸ್ಟಂ ಆರಿಸಿ ಎರಡೂ ತುದಿ ಬದಲಾಯಿಸಲು ಹೇಳಿ. ಒಂದೇ ತುದಿ ಬದಲಾಯಿಸಿದರೆ ಕಥೆ ಮರುಕಳಿಸುತ್ತದೆ.

ಲಕ್ಷಣ: ಮಧ್ಯಾಹ್ನವೇ ಇನ್ವರ್ಟರ್ ಆರಿ, ಕೆಲವು ನಿಮಿಷ ಬಿಟ್ಟು ತಾನೇ ಹತ್ತುತ್ತದೆ

"ಗ್ರಿಡ್ ಓವರ್ ವೋಲ್ಟೇಜ್" ಎಂಬ ಸಂದೇಶ ಜೊತೆಗಿದ್ದರೆ ಇನ್ವರ್ಟರ್ ಕೆಟ್ಟಿಲ್ಲ, ತನ್ನ ಕೆಲಸ ಮಾಡುತ್ತಿದೆ. 230 ವೋಲ್ಟ್ ಜಾಲದಲ್ಲಿ ಸಾಮಾನ್ಯ ಮಿತಿ ಶೇ. 10 ಹೆಚ್ಚು, ಅಂದರೆ 253 ವೋಲ್ಟ್. ಕರೆಂಟನ್ನು ಹೊರಗೆ ತಳ್ಳಬೇಕಾದರೆ ಇನ್ವರ್ಟರ್ ತನ್ನ ವೋಲ್ಟೇಜನ್ನು ಗ್ರಿಡ್‌ಗಿಂತ ತುಸು ಏರಿಸಬೇಕು. ವೈರ್ ಸಣ್ಣದಾದಷ್ಟೂ ಏರಿಕೆ ಹೆಚ್ಚು. 5 ಕಿಲೋವ್ಯಾಟ್ ಎಂದರೆ 22 ಆಂಪಿಯರ್. ಮೇನ್ ಬೋರ್ಡ್‌ನಿಂದ ಇನ್ವರ್ಟರ್‌ಗೆ 30 ಮೀಟರ್, 4 ಚದರ ಮಿ.ಮೀ. ತಾಮ್ರದ ವೈರ್ ಇದ್ದರೆ ಹೋಗಿಬರುವ 60 ಮೀಟರಿನಲ್ಲಿ 6 ವೋಲ್ಟ್ ಏರಿಕೆ. ಅದೇ 10 ಚದರ ಮಿ.ಮೀ. ಹಾಕಿದರೆ ಎರಡೂವರೆ ವೋಲ್ಟ್ ಒಳಗೆ.

ಪತ್ತೆ ಹಚ್ಚುವುದು ಹೀಗೆ: ಭರ್ತಿ ಉತ್ಪಾದನೆಯ ಹೊತ್ತಿನಲ್ಲಿ ಇನ್ವರ್ಟರ್ ತೋರಿಸುವ ಗ್ರಿಡ್ ವೋಲ್ಟೇಜನ್ನೂ ಮೇನ್ ಮೀಟರ್ ತೋರಿಸುವ ವೋಲ್ಟೇಜನ್ನೂ ಒಂದೇ ನಿಮಿಷದಲ್ಲಿ ಬರೆದುಕೊಳ್ಳಿ. ಎರಡರ ನಡುವೆ 4-5 ವೋಲ್ಟ್ ಅಂತರವಿದ್ದರೆ ತೊಂದರೆ ನಿಮ್ಮ ವೈರ್ ಅಥವಾ ಲೂಸ್ ಕನೆಕ್ಷನ್‌ನದು. ಎರಡೂ 250 ದಾಟಿದ್ದರೆ ಇನ್ವರ್ಟರನ್ನು ಸ್ವಲ್ಪ ಹೊತ್ತು ಆರಿಸಿ ಮೀಟರ್ ಮತ್ತೆ ನೋಡಿ. ಆಗಲೂ ಇಳಿಯದಿದ್ದರೆ ಜಾಲವೇ ಎತ್ತರದಲ್ಲಿದೆ, ದೂರು ವಿದ್ಯುತ್ ಸರಬರಾಜು ಕಂಪನಿಗೆ ಹೋಗಬೇಕು. ಇನ್ವರ್ಟರ್‌ನ ಮಿತಿಯನ್ನು ತಾವೇ 260ಕ್ಕೆ ಏರಿಸಿಕೊಂಡು ಸುಮ್ಮನಾಗುವವರಿದ್ದಾರೆ. ಆಗ ಆ ವೋಲ್ಟೇಜ್ ಮನೆಯ ಫ್ರಿಜ್ಜಿಗೂ ಹೋಗುತ್ತದೆ, ನಿಯಮವನ್ನೂ ಮುರಿದಂತಾಗುತ್ತದೆ. ನೀರು ಕಾಯಿಸುವ ಹೀಟ್ ಪಂಪ್ ಅಥವಾ ಬ್ಯಾಟರಿ ಚಾರ್ಜಿಂಗ್ ಹೊತ್ತನ್ನು 11ರಿಂದ 2 ಗಂಟೆಗೆ ಸರಿಸಿದರೆ ಹೊರಗೆ ತಳ್ಳುವ ಕರೆಂಟ್ ಇಳಿದು ಟ್ರಿಪ್ ಆಗುವುದೇ ನಿಲ್ಲಬಹುದು, ಇದಕ್ಕೆ ಖರ್ಚಿಲ್ಲ.

ಲಕ್ಷಣ: ಮಳೆ ಬಂದ ಮರುದಿನ ಬೆಳಿಗ್ಗೆ "ಐಸೊಲೇಷನ್ ಫಾಲ್ಟ್", ಬಿಸಿಲೇರಿದರೆ ಸರಿ

ಡಿಸಿ ವೈರ್‌ನಿಂದ ಅರ್ಥ್‌ಗೆ ಎಲ್ಲೋ ತೇವದ ದಾರಿಯಾಗಿದೆ. ಇಲಿ ಕಡಿದ ವೈರ್, ಪ್ಯಾನೆಲ್ ಫ್ರೇಮಿನ ಅಂಚಿಗೆ ಉಜ್ಜಿದ ಜಾಗ, ನೀರು ನಿಲ್ಲುವ ಜಾಗದಲ್ಲಿ ಬಿದ್ದ ಕನೆಕ್ಟರ್ ಇವೇ ಬಹುತೇಕ ಕಾರಣ. ಒಣಗಿದ ಮೇಲೆ ತಾನೇ ಸರಿಹೋಯಿತೆಂದು ಬಿಡಬಾರದು. ಆ ಗಾಯ ಹಾಗೇ ಇರುತ್ತದೆ, ಎರಡನೇ ಗಾಯವಾದ ದಿನ ಬೆಂಕಿಗೆ ದಾರಿ. ಎಚ್ಚರಿಕೆ ಬಂದಾಗ ಫ್ರೇಮ್, ಸ್ಟ್ರಕ್ಚರ್ ಯಾವುದನ್ನೂ ಮುಟ್ಟಬೇಡಿ, ಒದ್ದೆ ಚಾವಣಿಗೆ ಹತ್ತಬೇಡಿ.

ಬರುವ ತಂತ್ರಜ್ಞರು ಇದನ್ನು ಊಹೆಯಿಂದ ಹುಡುಕಬೇಕಿಲ್ಲ. ಇನ್ವರ್ಟರ್‌ನಿಂದ ಬಿಡಿಸಿದ ಸ್ಟ್ರಿಂಗ್‌ನ ಪ್ಲಸ್‌ನಿಂದ ಅರ್ಥ್‌ಗೆ, ಮೈನಸ್‌ನಿಂದ ಅರ್ಥ್‌ಗೆ ವೋಲ್ಟ್ ಅಳೆದರೆ ಜಾಗ ಸಿಗುತ್ತದೆ. ಪ್ಯಾನೆಲ್‌ಗೆ 40 ವೋಲ್ಟ್‌ನಂತೆ ಹತ್ತು ಪ್ಯಾನೆಲ್, ಪ್ಲಸ್ ಕಡೆ 120, ಮೈನಸ್ ಕಡೆ 280 ಬಂದರೆ ದೋಷ ಪ್ಲಸ್ ತುದಿಯಿಂದ 3ನೇ ಮತ್ತು 4ನೇ ಪ್ಯಾನೆಲ್ ನಡುವೆ. ಕ್ಯಾಟ್ 3, 1000 ವೋಲ್ಟ್ ದರ್ಜೆಯ ಮೀಟರ್ ಮತ್ತು ಕೈಗವಸು ಇಲ್ಲದೆ ಇದಕ್ಕೆ ಇಳಿಯಬಾರದು. ಪರೀಕ್ಷೆ ಮುಂಜಾನೆ ತೇವ ಇರುವಾಗಲೇ ಆಗಬೇಕು. ಮಧ್ಯಾಹ್ನ ಬಂದರೆ ಏನೂ ಸಿಗುವುದಿಲ್ಲ.

ಲಕ್ಷಣ: ಬ್ಯಾಟರಿ ತುಂಬಿದೆ, ಆದರೂ ರಾತ್ರಿ ಗ್ರಿಡ್‌ನಿಂದ ಯೂನಿಟ್ ಓಡುತ್ತಿದೆ

ಇದೇ ಹೆಚ್ಚು ಜನರನ್ನು ಕಾಡುವ ದೋಷ, ಮತ್ತು ಸಾಮಾನ್ಯವಾಗಿ ಅತಿ ಅಗ್ಗದ್ದು. ಮೊದಲು ಸೆಟ್ಟಿಂಗ್ ನೋಡಿ: ಬ್ಯಾಕಪ್‌ಗೆಂದು ಶೇ. 100 ಮೀಸಲು ಇಟ್ಟಿದ್ದರೆ ಬ್ಯಾಟರಿ ಹನಿಯೂ ಬಿಡುವುದಿಲ್ಲ. ಟೈಮರ್ ಮೋಡ್‌ನಲ್ಲಿದ್ದು ಗಡಿಯಾರ ತಪ್ಪಾಗಿದ್ದರೂ ಹೀಗೇ.

ಅದು ಸರಿಯಿದ್ದರೆ ಸಿ.ಟಿ.ಯನ್ನು ಅನುಮಾನಿಸಿ. ಮೇನ್ ವೈರಿಗೆ ಬಳೆಯಂತೆ ತೊಡಿಸಿದ ಆ ಸಣ್ಣ ಕ್ಲಾಂಪ್ ಮನೆ ಗ್ರಿಡ್‌ನಿಂದ ಎಷ್ಟು ಎಳೆಯುತ್ತಿದೆ ಎಂದು ಇನ್ವರ್ಟರ್‌ಗೆ ಹೇಳುತ್ತದೆ. ಅದು ಸುಳ್ಳು ಹೇಳಿದರೆ ಉಳಿದದ್ದೆಲ್ಲ ಸುಳ್ಳು. ಪರೀಕ್ಷೆಗೆ ಬೇಕಾದದ್ದು 2 ಕಿಲೋವ್ಯಾಟ್‌ನ ಒಂದು ಎಲೆಕ್ಟ್ರಿಕ್ ಕೆಟಲ್ ಅಥವಾ ಹೀಟರ್ ಮಾತ್ರ. ಕತ್ತಲಾದ ಮೇಲೆ ಬ್ಯಾಟರಿ ಬ್ರೇಕರ್ ಆರಿಸಿ (ಇನ್ವರ್ಟರ್ ಹತ್ತಿರುವಂತೆ ಗ್ರಿಡ್ ಇರಲಿ), ಆ್ಯಪ್‌ನ ಗ್ರಿಡ್ ಅಂಕಿ ನೋಡಿ, ಕೆಟಲ್ ಹಚ್ಚಿ, ಒಂದು ನಿಮಿಷ ಕಾದು ಮತ್ತೆ ನೋಡಿ.

ಗ್ರಿಡ್‌ನಿಂದ ಬರುವುದು 2 ಕಿಲೋವ್ಯಾಟ್ ಏರಿದರೆ ಸಿ.ಟಿ. ಸರಿಯಿದೆ. ಬದಲಿಗೆ 2 ಕಿಲೋವ್ಯಾಟ್ "ಹೊರಗೆ ಹೋಗುತ್ತಿದೆ" ಎಂದರೆ ಕ್ಲಾಂಪ್ ತಿರುಗುಮುರುಗು. ಈ ಸ್ಥಿತಿಯ ವಿಚಿತ್ರ ನೋಡಿ: ಕರೆಂಟ್ ಹೊರಗೆ ಹೋಗುತ್ತಿದೆ ಎಂದು ನಂಬಿದ ಇನ್ವರ್ಟರ್ ಅದನ್ನು ಹಿಡಿಯಲು ಬ್ಯಾಟರಿ ಚಾರ್ಜ್ ಶುರುಮಾಡುತ್ತದೆ, ಆ ಚಾರ್ಜಿಂಗ್‌ಗೆ ಗ್ರಿಡ್‌ನಿಂದ ಮತ್ತಷ್ಟು ಬರುತ್ತದೆ, ಅದನ್ನೂ ಹೊರಹೋಗುವ ಕರೆಂಟ್ ಎಂದೇ ಓದಿ ಇನ್ನಷ್ಟು ಚಾರ್ಜ್ ಮಾಡುತ್ತದೆ. ನಡುರಾತ್ರಿ ಬ್ಯಾಟರಿ ಭರ್ತಿ ವೇಗದಲ್ಲಿ ಗ್ರಿಡ್‌ನಿಂದ ತುಂಬುತ್ತಿದ್ದರೆ ಇದೇ. ಅಂಕಿ ಕದಲಲೇ ಇಲ್ಲವೆಂದರೆ ಪ್ಲಗ್ ಕಳಚಿದೆ ಅಥವಾ ಕ್ಲಾಂಪ್ ಬೇರೆ ವೈರಿಗೆ ಬಿದ್ದಿದೆ. ತುಸು ಕಡಿಮೆ ತೋರಿಸಿದರೆ ಕ್ಲಾಂಪ್‌ನ ಎರಡು ಹೋಳು ಪೂರ್ತಿ ಮುಚ್ಚಿಲ್ಲ. ಟಕ್ ಸದ್ದು ಬರುವವರೆಗೆ ಒತ್ತಬೇಕಿತ್ತು. ಎರಡರಷ್ಟೋ ಅರ್ಧವೋ ತೋರಿಸಿದರೆ ಸೆಟ್ಟಿಂಗ್‌ನಲ್ಲಿ ಸಿ.ಟಿ. ಅನುಪಾತ ತಪ್ಪಿದೆ.

ಮೂರು ಫೇಸ್ ಮನೆಯಲ್ಲಿ ಇನ್ನೊಂದು ಗುರುತು: 2 ಕಿಲೋವ್ಯಾಟ್ ಹಚ್ಚಿದಾಗ ಸರಿಯಾಗಿ 1 ಕಿಲೋವ್ಯಾಟ್ ಉಲ್ಟಾ ಕಂಡರೆ ಆರ್ ಫೇಸ್‌ನ ಸಿ.ಟಿ. ವೈ ಅಥವಾ ಬಿ ಫೇಸ್‌ನ ವೋಲ್ಟೇಜಿಗೆ ಜೋಡಿಯಾಗಿದೆ. ಫೇಸ್‌ಗಳ ನಡುವೆ 120 ಡಿಗ್ರಿ ಅಂತರ, ಅದರ ಕೊಸೈನ್ ಮೈನಸ್ ಅರ್ಧ. ಅದೇ ಅಂಕಿ ಪರದೆಗೆ ಬಂದಿದೆ.

ಕ್ಲಾಂಪ್ ಮೇಲಿನ ಬಾಣ ಕೆಲವು ಕಂಪನಿಗಳಲ್ಲಿ ಗ್ರಿಡ್ ಕಡೆಗೆ, ಕೆಲವರಲ್ಲಿ ಮನೆ ಕಡೆಗೆ ಇರಬೇಕು; ಕೈಪಿಡಿಯ ಚಿತ್ರವೇ ಪ್ರಮಾಣ. ಆ ಜಾಗದ ಟರ್ಮಿನಲ್‌ಗಳು ಮೇನ್ ಸ್ವಿಚ್ ಆರಿಸಿದರೂ ಜೀವಂತವಾಗಿರಬಹುದು. ಆದ್ದರಿಂದ ತಿರುಗಿಸುವ ಕೆಲಸ ಎಲೆಕ್ಟ್ರಿಷಿಯನ್‌ಗೆ ಬಿಡಿ. ಅವರೂ ಮೊದಲು ಕ್ಲಾಂಪನ್ನು ವೈರಿನಿಂದ ತೆಗೆದು ನಂತರ ಪ್ಲಗ್ ಕಳಚಬೇಕು. ಕರೆಂಟ್ ಹರಿಯುವಾಗ ಸಿ.ಟಿ.ಯ ತುದಿ ತೆರೆದರೆ ಅಲ್ಲಿ ಅಪಾಯಕಾರಿ ವೋಲ್ಟೇಜ್ ಹುಟ್ಟಬಹುದು. ಬಹಳಷ್ಟು ಇನ್ವರ್ಟರ್‌ಗಳಲ್ಲಿ ಸೆಟ್ಟಿಂಗ್‌ನಿಂದಲೇ ಸಿ.ಟಿ. ದಿಕ್ಕು ತಿರುಗಿಸಬಹುದು, ಅದಿದ್ದರೆ ಪೆಟ್ಟಿಗೆ ತೆರೆಯುವ ಕೆಲಸವೇ ಉಳಿಯಿತು.

ಲಕ್ಷಣ: ಬ್ಯಾಟರಿ ಶೇ. 30 ಎನ್ನುತ್ತಿತ್ತು, ಏಕ್ದಂ ಶೇ. 5ಕ್ಕೆ ಇಳಿದು ಆರಿತು

ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ನ ವೋಲ್ಟೇಜ್ ಶೇ. 20ರಿಂದ 90ರವರೆಗೆ ಸುಮಾರು 0.1 ವೋಲ್ಟ್ ಮಾತ್ರ ಬದಲಾಗುತ್ತದೆ. ವೋಲ್ಟ್ ನೋಡಿ ಎಷ್ಟು ಉಳಿದಿದೆ ಎಂದು ಹೇಳಲಾಗದು, ಹಾಗಾಗಿ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಒಳಗಿನ ಸರ್ಕ್ಯೂಟ್) ಒಳಬಂದ, ಹೊರಹೋದ ಆಂಪಿಯರ್ ಎಣಿಸುತ್ತದೆ. ವಾರಗಟ್ಟಲೆ ಪೂರ್ತಿ ತುಂಬದೆ ಅರೆಬರೆ ಓಡಿದರೆ ಎಣಿಕೆ ಜಾರುತ್ತದೆ. ಮೋಡದ ತಿಂಗಳುಗಳಲ್ಲಿ ಇದು ಸಹಜ. ಎರಡು ದಿನ ಗ್ರಿಡ್‌ನಿಂದಾದರೂ ಶೇ. 100ಕ್ಕೆ ತುಂಬಿಸಿ, ತುಂಬಿದ ಮೇಲೂ ಎರಡು ಮೂರು ಗಂಟೆ ಹಾಗೇ ಬಿಡಿ. ಅರ್ಧಕ್ಕಿಂತ ಹೆಚ್ಚು ಕೇಸು ಇಲ್ಲೇ ಮುಗಿಯುತ್ತದೆ ಎಂಬುದು ನಮ್ಮ ಅಂದಾಜು.

ಮುಗಿಯದಿದ್ದರೆ ಬಿಎಂಎಸ್ ಪುಟದಲ್ಲಿ ಒಂದೊಂದು ಸೆಲ್‌ನ ವೋಲ್ಟೇಜ್ ನೋಡಿ. ನಡುಮಟ್ಟದಲ್ಲಿ 10-20 ಮಿಲಿವೋಲ್ಟ್ ಅಂತರ ಮಾಮೂಲು. ತುಂಬುವ ಕೊನೆಯಲ್ಲಿ ಒಂದು ಸೆಲ್ 3.65 ಮುಟ್ಟಿ ಉಳಿದವು 3.40ರಲ್ಲೇ ಇದ್ದರೆ ಅಸಮತೋಲನ. ಇದಕ್ಕೆ ತಾಳ್ಮೆ ಬೇಕು: ಸಾಮಾನ್ಯ ಬ್ಯಾಲೆನ್ಸರ್ 0.1 ಆಂಪಿಯರ್ ಮಾತ್ರ ಸೋರಿಸುತ್ತದೆ, 5 ಆಂಪಿಯರ್-ಗಂಟೆ ವ್ಯತ್ಯಾಸ ತಿದ್ದಲು 50 ಗಂಟೆ ಬೇಕು. ಲೋಡ್ ಬಿದ್ದಾಗ ಒಂದೇ ಸೆಲ್ ಥಟ್ಟನೆ ಕುಸಿದು, ಲೋಡ್ ತೆಗೆದೊಡನೆ ಎದ್ದರೆ ಆ ಸೆಲ್ ದುರ್ಬಲವಾಗಿರಬೇಕು ಅಥವಾ ಅದರ ಬಸ್‌ಬಾರ್ (ಸೆಲ್‌ಗಳನ್ನು ಜೋಡಿಸುವ ಲೋಹದ ಪಟ್ಟಿ) ನಟ್ ಸಡಿಲವಿರಬೇಕು. 51.2 ವೋಲ್ಟ್ ಬ್ಯಾಟರಿಯಿಂದ 5 ಕಿಲೋವ್ಯಾಟ್ ಎಳೆದರೆ ಸುಮಾರು 98 ಆಂಪಿಯರ್ ಹರಿಯುತ್ತದೆ. ವೈರ್ ತುದಿಯ ಲೋಹದ ಲಗ್‌ನಲ್ಲಿ ಒಂದೇ ಒಂದು ಮಿಲಿಓಮ್ ಹೆಚ್ಚಾದರೂ ಅಲ್ಲಿ 10 ವ್ಯಾಟ್ ಬಿಸಿ ಹುಟ್ಟುತ್ತದೆ. ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ದೂರದಿಂದಲೇ ಪ್ಲಸ್, ಮೈನಸ್ ಲಗ್ ಹೋಲಿಸಿ. ಒಂದು ಎದ್ದುಕಾಣುವಂತೆ ಬಿಸಿಯಿದ್ದರೆ ಬಿಗಿ ಮಾಡಿಸಬೇಕು, ಅದೂ ಲೇಬಲ್‌ನಲ್ಲಿ ಬರೆದ ಟಾರ್ಕ್‌ಗೆ.

ಚಳಿಯಲ್ಲಿ ಬ್ಯಾಟರಿ ಚಾರ್ಜ್ ಆಗಲು ಒಲ್ಲದಿದ್ದರೆ ಒತ್ತಾಯಿಸಬೇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿ ಒಳಗೆ ಪದರ ಕಟ್ಟಿ ಸೆಲ್ ಶಾಶ್ವತವಾಗಿ ಹಾಳಾಗುತ್ತದೆ. ಬಿಎಂಎಸ್ ತಡೆಯುವುದು ಅದನ್ನೇ.

ಬ್ಯಾಟರಿ ಬೆಳಗಾಗುವ ಮುನ್ನ ಖಾಲಿಯಾಗುತ್ತದೆ ಎಂಬುದಷ್ಟೇ ದೂರಾದರೆ ಮೊದಲು ಲೆಕ್ಕ ಹಾಕಿ. 5 ಯೂನಿಟ್ ಬ್ಯಾಟರಿಯಲ್ಲಿ ಬಳಸಲು ಸಿಗುವುದು ನಾಲ್ಕೂವರೆ. ಇನ್ವರ್ಟರ್ ತಾನೇ 50 ವ್ಯಾಟ್ ತಿಂದರೆ 14 ಗಂಟೆಗೆ 0.7 ಯೂನಿಟ್. ಹೀಟ್ ಪಂಪ್ ಒಂದೂವರೆ ಕಿಲೋವ್ಯಾಟ್‌ನಲ್ಲಿ ಓಡಿದರೆ ಉಳಿದದ್ದು ಎರಡೂವರೆ ಗಂಟೆಗೆ ಮುಗಿಯಿತು.

ಲಕ್ಷಣ: ಕರೆಂಟ್ ಹೋದರೆ ಮನೆಯೂ ಕತ್ತಲು

ಬ್ಯಾಟರಿ ಇಲ್ಲದ ಗ್ರಿಡ್ ಇನ್ವರ್ಟರ್ ಆರಲೇಬೇಕು. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್ ಪ್ರಾಣಕ್ಕೆ ಆ ನಿಯಮ. ಬ್ಯಾಟರಿ ಇದ್ದರೂ ಬ್ಯಾಕಪ್ ಟರ್ಮಿನಲ್‌ಗೆ ಜೋಡಿಸಿದ ಸರ್ಕ್ಯೂಟ್‌ಗಳಿಗೆ ಮಾತ್ರ ಕರೆಂಟ್. ಒಂದೆರಡು ಸೆಕೆಂಡ್ ಹತ್ತಿ ಆರಿದರೆ ಓವರ್‌ಲೋಡ್: ಹೀಟ್ ಪಂಪ್‌ನೊಳಗಿನ 3 ಕಿಲೋವ್ಯಾಟ್ ಹೀಟರ್ ಆ ಕಡೆ ಸೇರಿದೆಯೇ ನೋಡಿ, ಎಲ್ಲ ಎಂಸಿಬಿ ಇಳಿಸಿ ಒಂದೊಂದಾಗಿ ಏರಿಸಿ.

ಲಕ್ಷಣ: ಹೀಟ್ ಪಂಪ್ ಹಾಕಿದ ಮೇಲೂ ಯೂನಿಟ್ ಇಳಿದಿಲ್ಲ

ಒಂದು ಸರಳ ಲೆಕ್ಕದಿಂದ ಅರ್ಧ ದಿನದಲ್ಲಿ ಉತ್ತರ ಸಿಗುತ್ತದೆ. 200 ಲೀಟರ್ ನೀರನ್ನು 20 ಡಿಗ್ರಿಯಿಂದ 50ಕ್ಕೆ ಏರಿಸಲು ಬೇಕಾದ ಶಾಖ ಸುಮಾರು 7 ಯೂನಿಟ್. ಹೀಟ್ ಪಂಪ್ ಒಂದು ಯೂನಿಟ್ ಕರೆಂಟಿಗೆ ಮೂರು ಯೂನಿಟ್ ಶಾಖ ಕೊಟ್ಟರೆ ಮೀಟರ್‌ನಲ್ಲಿ 2.3 ಯೂನಿಟ್ ಓಡಬೇಕು. ಟ್ಯಾಂಕ್ ತಣ್ಣಗಿರುವಾಗ ಬೇರೆ ದೊಡ್ಡ ಲೋಡ್ ಆರಿಸಿ, ಮೀಟರ್ ಬರೆದುಕೊಂಡು ಕಾಯಿಸಿ. ಮೂರರೊಳಗೆ ಮುಗಿದರೆ ಪಂಪ್ ಆರೋಗ್ಯವಾಗಿದೆ, ಬೇರೆ ಕಡೆ ಹುಡುಕಿ. 7ರ ಹತ್ತಿರ ಹೋದರೆ ಕಾಯಿಸಿದ್ದು ಪಂಪ್ ಅಲ್ಲ, ಹೀಟರ್ ಕಾಯಿಲ್. ವಾರಕ್ಕೊಮ್ಮೆ ರೋಗಾಣು ನಿವಾರಣೆಗೆ 60 ಡಿಗ್ರಿಗೆ ಏರಿಸುವ ದಿನ ಸ್ವಲ್ಪ ಹೆಚ್ಚು ಓಡುವುದು ಸರಿಯೇ. ದಿನವೂ ಆದರೆ "ಬೂಸ್ಟ್" ಹತ್ತಿಯೇ ಉಳಿದಿದೆ ಅಥವಾ ನೀರಿನ ಗುರಿ ಪಂಪ್‌ನ ಶಕ್ತಿ ಮೀರಿದೆ. ನೀರಿನ ಗುರಿಯನ್ನು ಒಂದು ಡಿಗ್ರಿ ಇಳಿಸಿದರೆ ಶೇ. 2-3 ಉಳಿತಾಯ, 55ರ ಬದಲು 48 ಇಟ್ಟು ನೋಡುವುದು ಪುಕ್ಕಟೆ. ಆಗ ವಾರದ 60 ಡಿಗ್ರಿ ಸುತ್ತನ್ನು ಮಾತ್ರ ನಿಲ್ಲಿಸಬೇಡಿ.

ನಂತರ ನೀರಿನ ಹರಿವು. ಹೋಗುವ ಮತ್ತು ಬರುವ ನೀರಿನ ನಡುವೆ 5 ಡಿಗ್ರಿ ಅಂತರಕ್ಕೆ 8 ಕಿಲೋವ್ಯಾಟ್ ಪಂಪ್‌ಗೆ ನಿಮಿಷಕ್ಕೆ 23 ಲೀಟರ್ ಬೇಕು. ಅಂತರ 9-10 ಆಗಿದ್ದರೆ ಜಾಲರಿ ಕಟ್ಟಿದೆ ಅಥವಾ ಗಾಳಿ ಸೇರಿದೆ. ಎರಡೂ ಬದಿ ವಾಲ್ವ್ ಮುಚ್ಚಿ ಜಾಲರಿ ತೊಳೆದು, ಗಾಳಿ ಬಿಟ್ಟು, ಒತ್ತಡವನ್ನು 1ರಿಂದ 2 ಬಾರ್ ನಡುವೆ ತನ್ನಿ. ಕಂಪ್ರೆಸರ್ ಗಂಟೆಗೆ ಆರಕ್ಕಿಂತ ಹೆಚ್ಚು ಸಲ ಹತ್ತಿ ಆರುತ್ತಿದ್ದರೆ ಪಂಪ್‌ನಿಂದ ಶಾಖ ಒಯ್ಯುವ ನೀರೇ ಸಾಲದು: ಕೋಣೆಗಳಿಗೆ ಬಿಸಿನೀರು ಹೋಗುವ ವಾಲ್ವ್‌ಗಳನ್ನು ತೆರೆಯಿರಿ.

ಲಕ್ಷಣ: ಹೊರಗಿನ ಘಟಕದಿಂದ ಹೊಗೆ, ಮೈಮೇಲೆ ಮಂಜುಗಡ್ಡೆ

ಚಳಿಯಲ್ಲಿ ಫ್ಯಾನ್ ನಿಂತು, ಬಿಳಿ ಮೋಡ ಎದ್ದು, ಕೆಲವೇ ನಿಮಿಷದಲ್ಲಿ ಮತ್ತೆ ಶುರುವಾದರೆ ಅದು ಹೊಗೆಯಲ್ಲ, ಮಂಜು ಕರಗಿಸುವಾಗಿನ ಹಬೆ. ಕರಗಿದ ಮೇಲೂ ಅಡಿಯಲ್ಲಿ ಗಡ್ಡೆ ಬೆಳೆಯುತ್ತಿದ್ದರೆ ನೀರು ಹೋಗುವ ತೂತು ಮುಚ್ಚಿದೆ. ಆರಿಸಿ, ಬೆಚ್ಚಗಿನ ನೀರು ಹಾಕಿ, ಚಾಕು-ಮೊಳೆ ಬೇಡ. ಕಾಯಿಲ್‌ನ ಒಂದು ಮೂಲೆಗೆ ಮಾತ್ರ ಮಂಜು, ಪೈಪ್ ಜೋಡಣೆಯಲ್ಲಿ ಎಣ್ಣೆಯ ಕಲೆ, ಕಂಪ್ರೆಸರ್ ನಿಲ್ಲದೆ ಓಡಿದರೂ ನೀರು ಕಾಯದು ಎಂಬ ಮೂರೂ ಸೇರಿದರೆ ಗ್ಯಾಸ್ ಸೋರಿದೆ. ಆರ್290 ಎಂದರೆ ಪ್ರೊಪೇನ್, ಆರ್32 ಕೂಡ ಉರಿಯಬಲ್ಲದು. ಅದರ ಸುತ್ತ ಬೆಂಕಿ, ಕಿಡಿ ಯಾವುದೂ ಬೇಡ, ಪರವಾನಗಿ ಇದ್ದವರು ಬರಲಿ.

ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್) ಹೀಟ್ ಪಂಪ್ ಹತ್ತಿದಾಗಲೇ ಬೀಳುತ್ತಿದ್ದರೆ ಹೀಟರ್ ಕಾಯಿಲ್‌ಗೆ ತೇವ ಇಳಿದಿರುವ ಸಂಭವ ಹೆಚ್ಚು. ಕಾಯಿಲ್‌ಗೆ ಬೇರೆ ಎಂಸಿಬಿ ಇದ್ದರೆ ಅದೊಂದನ್ನೇ ಇಳಿಸಿ ನೋಡಿ. ಆಮೇಲೂ ಬಿದ್ದರೆ ಅಥವಾ ಎರಡನೇ ಸಲ ಏರಿಸಿದಾಗಲೂ ನಿಲ್ಲದಿದ್ದರೆ ಮೂರನೇ ಸಲ ಏರಿಸಬೇಡಿ.

ತಂತ್ರಜ್ಞರಿಗೆ ಫೋನ್ ಮಾಡುವಾಗ

ಎರರ್ ಕೋಡ್‌ನ ಫೋಟೊ, ಅದು ಬಂದ ಹೊತ್ತು, ಆಗಿನ ಹವಾಮಾನ, ಮೋಡವಿಲ್ಲದ ದಿನದ ಗ್ರಾಫ್, ಕೆಟಲ್ ಪರೀಕ್ಷೆಯ ಎರಡು ಅಂಕಿ, ನೀರು ಕಾಯಿಸಿದ ಯೂನಿಟ್ ಲೆಕ್ಕ ಕಳುಹಿಸಿ. ಕೋಡ್ ಅಳಿಸುವ ಮುನ್ನ ಫೋಟೊ ತೆಗೆಯಿರಿ. ರೀಸ್ಟಾರ್ಟ್ ಮಾಡಿದ ಮೇಲೆ ಕೆಲವು ಇನ್ವರ್ಟರ್‌ಗಳಲ್ಲಿ ಅದು ಮತ್ತೆ ಸಿಗುವುದಿಲ್ಲ.